ಕೈ ಆಡಿಸಿದಾಗ, ಆಡಿಸಿದ ಹಾಗೆ ಕಲ್ಪಿಸಿಕೊಂಡಾಗ, ಲೆಕ್ಕ ಮಾಡಿದಾಗ: ಮಿದುಳಿನ ಲಯ ಹಿಡಿಯುವ ಸಮಗ್ರ ಮಾರ್ಗದರ್ಶಿ

ಇಇಜಿ (ನೆತ್ತಿಯ ಮೇಲಿನಿಂದ ಮಿದುಳಿನ ವಿದ್ಯುತ್ ಅಲೆ ಅಳೆಯುವ ವಿಧಾನ) ಇಟ್ಟುಕೊಂಡು ಪ್ರಾಜೆಕ್ಟ್ ಮಾಡುವವರು ಮತ್ತೆ ಮತ್ತೆ ಎಡವುವುದು ಒಂದೇ ಜಾಗದಲ್ಲಿ. ತಲೆಗೆ ಟೋಪಿ ಹಾಕುತ್ತಾರೆ, "ಬಲಗೈ ಆಡಿಸಿದ ಹಾಗೆ ಕಲ್ಪಿಸಿಕೊಳ್ಳಿ" ಅನ್ನುತ್ತಾರೆ, ಅರ್ಧ ಗಂಟೆ ರೆಕಾರ್ಡ್ ಮಾಡುತ್ತಾರೆ, ಆಮೇಲೆ ಗ್ರಾಫ್ ತೆಗೆದರೆ ಏನೂ ಕಾಣುವುದಿಲ್ಲ. ಆಗ ಇನ್ನೂ ದೊಡ್ಡ ನ್ಯೂರಲ್ ನೆಟ್‌ವರ್ಕ್ ಹುಡುಕಲು ಹೊರಡುತ್ತಾರೆ. ಬೇಡ. ಬಹಳ ಸಲ ಕೆಟ್ಟಿರುವುದು ಕೆಲಸದ ಕ್ರಮ. ಮೊದಲು ಕಣ್ಣು ಮುಚ್ಚಿದರೆ ಏಳುವ ಲಯ ಕಾಣಬೇಕು, ಆಮೇಲೆ ನಿಜವಾಗಿ ಕೈ ಆಡಿಸಿದಾಗಿನ ಬದಲಾವಣೆ, ಆಮೇಲೆ ಕಲ್ಪನೆ, ಕೊನೆಗೆ ಮನಸ್ಸಿನಲ್ಲೇ ಮಾಡುವ ಲೆಕ್ಕ. ಒಂದು ಹಂತದಲ್ಲಿ ಕಾಣಬೇಕಾದದ್ದು ಕಾಣದೆ ಮುಂದಿನದಕ್ಕೆ ಹೋಗಬಾರದು.

ಏನನ್ನು ಹುಡುಕುತ್ತಿದ್ದೀರಿ ಅಂತ ಮೊದಲು ಗೊತ್ತಿರಲಿ

ಕೈಕಾಲು ಸುಮ್ನೆ ಇರುವಾಗ ತಲೆಯ ನಡುಭಾಗದ ಎರಡೂ ಪಕ್ಕದಲ್ಲಿ, ಅಂದರೆ ಚಲನೆ ಮತ್ತು ಸ್ಪರ್ಶವನ್ನು ನೋಡಿಕೊಳ್ಳುವ ಭಾಗದ ಮೇಲೆ, ಎರಡು ಲಯಗಳು ಸಿಗುತ್ತವೆ. 8ರಿಂದ 13 ಹರ್ಟ್ಸ್‌ನದು ಮ್ಯೂ, 13ರಿಂದ 30 ಹರ್ಟ್ಸ್‌ನದು ಬೀಟಾ. ಕೈ ಆಡಿಸಿದರೆ ಇವು ಕುಗ್ಗುತ್ತವೆ. ಹೌದು, ಕುಗ್ಗುತ್ತವೆ. ಕೆಲಸ ನಡೆದಾಗ ಸಿಗ್ನಲ್ ಏರಬೇಕು ಅಂದುಕೊಂಡು ಗ್ರಾಫ್ ನೋಡುವವರು ಕಣ್ಣೆದುರಿಗಿದ್ದ ಉತ್ತರವನ್ನೇ ಬಿಟ್ಟುಬಿಡುತ್ತಾರೆ.

ಈ ಕುಗ್ಗುವಿಕೆಗೆ ಇಆರ್‌ಡಿ ಅನ್ನುತ್ತಾರೆ. ಯಾರೂ ಹೇಳದೆ ನಮ್ಮಷ್ಟಕ್ಕೆ ನಾವೇ ಕೈ ಆಡಿಸಿದರೆ ಅದು ಸುಮಾರು 2 ಸೆಕೆಂಡ್ ಮೊದಲೇ ಶುರುವಾಗುತ್ತದೆ. ಮೊದಲು ಎದುರು ಬದಿಯಲ್ಲಿ, ಅಂದರೆ ಬಲಗೈಗೆ ಎಡಗಡೆ. ಚಲನೆ ನಡೆಯುವ ಹೊತ್ತಿಗೆ ಎರಡೂ ಕಡೆ. ಕೈ ನಿಂತ ಮೇಲೆ ಸುಮಾರು ಒಂದು ಸೆಕೆಂಡಿನೊಳಗೆ ಬೀಟಾ ಮೊದಲಿದ್ದದ್ದಕ್ಕಿಂತಲೂ ಮೇಲೆ ಏರುತ್ತದೆ. ಇದನ್ನು ಬೀಟಾ ಮರುಏರಿಕೆ ಅನ್ನೋಣ. ಕಲ್ಪನೆಯಲ್ಲೂ ಇದೇ ಚಿತ್ರ ಬರುತ್ತದೆ, ಆದರೆ ಸಣ್ಣದಾಗಿ.

ಹಂತ 1: ಬೇಕಾದ ಸಾಮಾನು

ಸೆಕೆಂಡಿಗೆ 250 ಸ್ಯಾಂಪಲ್ ಕೊಡುವ ಯಾವ ಇಇಜಿ ಆಂಪ್ಲಿಫೈಯರ್ ಆದರೂ ಆಗುತ್ತದೆ. ಬೆಳ್ಳಿ–ಸಿಲ್ವರ್ ಕ್ಲೋರೈಡ್ ಅಥವಾ ಚಿನ್ನದ ಲೇಪದ ಬಟ್ಟಲು ಎಲೆಕ್ಟ್ರೋಡ್, ಅಂಟುವ ಪೇಸ್ಟ್, ಚರ್ಮ ಉಜ್ಜುವ ಜೆಲ್, ಹತ್ತಿ, ಸ್ಪಿರಿಟ್, ಟೈಲರ್ ಟೇಪ್, ಬಣ್ಣದ ಪೆನ್ಸಿಲ್. ಒಣ ಎಲೆಕ್ಟ್ರೋಡ್ ಸಲೀಸು, ನಿಜ. ಆದರೆ ದಪ್ಪ ಕೂದಲಿನ ಮೇಲೆ ಅದರಲ್ಲಿ ಮ್ಯೂ ಹಿಡಿಯುವುದು ಕಷ್ಟ. ಮೊದಲ ಸಲ ಮಾಡುವವರು ಪೇಸ್ಟ್‌ನಿಂದಲೇ ಶುರುಮಾಡಿ.

ಹಣೆಗೆ ಮಾತ್ರ ಕೂರುವ ಹೆಡ್‌ಬ್ಯಾಂಡ್ ಈ ಕೆಲಸಕ್ಕೆ ಬರುವುದಿಲ್ಲ. ಮ್ಯೂ ಲಯ ಹಣೆಯಲ್ಲಿ ಸಿಗುವುದಿಲ್ಲ. ಬೆಲೆ ಕಮ್ಮಿ ಅಂತ ಅದನ್ನು ತೆಗೆದುಕೊಂಡು ಆಮೇಲೆ ಪರದಾಡಬೇಡಿ.

ಎಂಟು ಚಾನಲ್ ಇದ್ದರೆ ನಾನು ಹೀಗೆ ಹಂಚುತ್ತೇನೆ: ಸಿ3 (ನೆತ್ತಿಯ ಎಡಪಕ್ಕ; ಅಳತೆ ಹಂತ 3ರಲ್ಲಿ) ಜಾಗದ ಮುಂದೊಂದು ಹಿಂದೊಂದು, ಸಿ4 (ಬಲಪಕ್ಕ) ಜಾಗದ ಮುಂದೊಂದು ಹಿಂದೊಂದು, ನಡುನೆತ್ತಿಗೆ ಒಂದು, ಹಿಂದಲೆಗೆ ಒಂದು, ಎರಡೂ ಮುಂಗೈ ಸ್ನಾಯುಗಳಿಗೆ ಒಂದೊಂದು. ಮುಂಗೈ ಚಾನಲ್ ದಂಡ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಅದಿಲ್ಲದೆ ಕಲ್ಪನೆಯ ಡೇಟಾಕ್ಕೆ ಬೆಲೆಯಿಲ್ಲ; ಯಾಕೆ ಅಂತ ಹಂತ 7ರಲ್ಲಿ ಹೇಳುತ್ತೇನೆ. ಮುಂಗೈಯಲ್ಲಿ ಒಂದೇ ಸ್ನಾಯುವಿನ ಮೇಲೆ ಎರಡು ಎಲೆಕ್ಟ್ರೋಡ್ ಹಾಕಿ, ಅವೆರಡರ ನಡುವಿನ ವ್ಯತ್ಯಾಸ ಅಳೆಯಬೇಕು.

ಸುರಕ್ಷತೆಯ ಒಂದು ಮಾತು, ಇದರಲ್ಲಿ ರಾಜಿ ಬೇಡ. ತಲೆಗೆ ತಂತಿ ಅಂಟಿರುವಾಗ ಆಂಪ್ಲಿಫೈಯರ್ ಬ್ಯಾಟರಿಯಲ್ಲೇ ಓಡಬೇಕು. ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ ಸೇರಿಸಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಡಿ, ಪ್ರೊಜೆಕ್ಟರ್ ಕೇಬಲ್ಲೂ ಬೇಡ. ಹಾಗೆಯೇ ಪ್ರಯೋಗಕ್ಕೆ ಕೂರುವವರ ಲಿಖಿತ ಒಪ್ಪಿಗೆ ಮತ್ತು ಕಾಲೇಜಿನ ನೈತಿಕ ಸಮಿತಿಯ ಅನುಮತಿ ಮೊದಲೇ ಇರಲಿ. ಇದರಿಂದ ಯಾರಿಗೂ ಯಾವ ಕಾಯಿಲೆ ಇದೆ, ಇಲ್ಲ ಅಂತ ಹೇಳಲು ಹೋಗಬೇಡಿ.

ಸಾಮಾನು ಇಲ್ಲದವರಿಗೆ

ಫಿಸಿಯೋನೆಟ್ ಅನ್ನುವ ಜಾಲತಾಣದಲ್ಲಿ 109 ಜನರ ಇಇಜಿ ಡೇಟಾ ಉಚಿತವಾಗಿ ಸಿಗುತ್ತದೆ. 64 ಚಾನಲ್, ಸೆಕೆಂಡಿಗೆ 160 ಸ್ಯಾಂಪಲ್, ಒಬ್ಬೊಬ್ಬರಿಗೆ 14 ರೆಕಾರ್ಡಿಂಗ್. 1ನೆಯದು ಕಣ್ಣು ತೆರೆದು, 2ನೆಯದು ಕಣ್ಣು ಮುಚ್ಚಿ. 3, 7, 11ರಲ್ಲಿ ನಿಜವಾಗಿ ಮುಷ್ಟಿ ಕಟ್ಟುವುದು, 4, 8, 12ರಲ್ಲಿ ಅದರ ಕಲ್ಪನೆ. 5, 9, 13ರಲ್ಲಿ ಎರಡೂ ಮುಷ್ಟಿ ಅಥವಾ ಎರಡೂ ಪಾದ, 6, 10, 14ರಲ್ಲಿ ಅದರ ಕಲ್ಪನೆ.

ಇಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ. ಟಿ1 ಅನ್ನುವ ಗುರುತಿಗೆ ಎಲ್ಲ ಕಡೆ ಒಂದೇ ಅರ್ಥ ಇಲ್ಲ. 3, 4, 7, 8, 11, 12ರಲ್ಲಿ ಟಿ1 ಅಂದರೆ ಎಡಮುಷ್ಟಿ, ಟಿ2 ಅಂದರೆ ಬಲಮುಷ್ಟಿ. ಉಳಿದ ಕೆಲಸಗಳಲ್ಲಿ ಟಿ1 ಅಂದರೆ ಎರಡೂ ಮುಷ್ಟಿ, ಟಿ2 ಅಂದರೆ ಎರಡೂ ಪಾದ. ಎಲ್ಲವನ್ನೂ ಒಟ್ಟಿಗೆ ಸೇರಿಸಿ "ಎಡ–ಬಲ" ಅಂತ ಕಲಿಸಿದರೆ ಯಾವ ಮಾಡೆಲ್ ತಾನೇ ಕಲಿಯುತ್ತದೆ? ಕೆಲವು ಜನರ ಫೈಲುಗಳಲ್ಲಿ ಸ್ಯಾಂಪಲ್ ದರ 128 ಇದೆ. ಪ್ರತಿ ಫೈಲಿನ ದರ ನೋಡಿಕೊಂಡೇ ಮುಂದೆ ಹೋಗಿ. ಚಾನಲ್ ಹೆಸರುಗಳ ಕೊನೆಯಲ್ಲಿ ಚುಕ್ಕಿಗಳಿರುತ್ತವೆ, ತೆಗೆದುಹಾಕಿ. ಅದು ಅಮೆರಿಕದ ರೆಕಾರ್ಡಿಂಗ್, ಅಲ್ಲಿನ ಕರೆಂಟಿನ ಗದ್ದಲ 60 ಹರ್ಟ್ಸ್‌ನಲ್ಲಿ ಬರುತ್ತದೆ. ನಮ್ಮಲ್ಲಿ 50. ಈ ಡೇಟಾ ಬಳಸುವವರು ಹಂತ 4ರ ಕಣ್ಣು ಮುಚ್ಚುವ ಪರೀಕ್ಷೆಯನ್ನು 1, 2ನೆಯ ರೆಕಾರ್ಡಿಂಗಿನಲ್ಲಿ ಮಾಡಿ, ಅಲ್ಲಿಂದ ಹಂತ 6ಕ್ಕೆ ಹೋಗಬಹುದು.

ಹಂತ 2: ತಲೆ ಸಿದ್ಧ ಮಾಡುವುದು

ಹಿಂದಿನ ರಾತ್ರಿ ಅಥವಾ ಅವತ್ತು ಬೆಳಿಗ್ಗೆ ಶಾಂಪೂ ಹಾಕಿ ತಲೆಸ್ನಾನ. ಕೊಬ್ಬರಿ ಎಣ್ಣೆ, ಕಂಡೀಷನರ್ ಯಾವುದೂ ಬೇಡ. ನಮ್ಮ ಕಡೆ ಅರ್ಧ ರೆಕಾರ್ಡಿಂಗ್ ಹಾಳಾಗುವುದು ಎಣ್ಣೆಯಿಂದಲೇ. ಕೂರುವವರಿಗೆ ಹಿಂದಿನ ದಿನವೇ ಫೋನ್ ಮಾಡಿ ನೆನಪಿಸಿ. ಕೂದಲು ಪೂರ್ತಿ ಒಣಗಿರಲಿ. ನಿದ್ದೆಗೆಟ್ಟು ಬಂದವರನ್ನು ಇನ್ನೊಂದು ದಿನ ಕರೆಯಿರಿ; ತೂಕಡಿಕೆಯಲ್ಲಿ ಲಯಗಳೇ ಬದಲಾಗುತ್ತವೆ.

ಬಾಚಣಿಗೆಯ ಹಿಡಿಕೆಯಿಂದ ಬೈತಲೆ ತೆಗೆದು ಚರ್ಮ ಕಾಣುವ ಹಾಗೆ ಮಾಡಿ. ಜೆಲ್ ಹಾಕಿದ ಹತ್ತಿಯಿಂದ ಮೆಲ್ಲಗೆ ಉಜ್ಜಿ, ರಕ್ತ ಬರುವಷ್ಟಲ್ಲ. ಎಲೆಕ್ಟ್ರೋಡ್‌ಗೆ ಪೇಸ್ಟ್ ತುಂಬಿ ಒತ್ತಿ. ಇಂಪೀಡೆನ್ಸ್ (ಚರ್ಮ ಮತ್ತು ಎಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್‌ಗಿಂತ ಕೆಳಗೆ ಬಂದರೆ ಚೆನ್ನ, 10ರವರೆಗೂ ನಡೆಯುತ್ತದೆ. ಅದಕ್ಕಿಂತಲೂ ಮುಖ್ಯ, ಎಲ್ಲ ಎಲೆಕ್ಟ್ರೋಡ್‌ಗಳೂ ಹತ್ತಿರ ಹತ್ತಿರ ಒಂದೇ ಮಟ್ಟದಲ್ಲಿರಬೇಕು. ಒಂದು 3, ಇನ್ನೊಂದು 40 ಅಂದರೆ ಕರೆಂಟಿನ ಗದ್ದಲ ನುಗ್ಗುವುದು ಖಂಡಿತ.

ಹಂತ 3: ಜಾಗ ಅಳೆಯುವುದು

ಕಣ್ಣಂದಾಜಿನಲ್ಲಿ ಅಂಟಿಸಬೇಡಿ. ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬಿದ ಮೂಳೆಯವರೆಗೆ ಟೇಪ್ ಹಿಡಿದು ಅರ್ಧಕ್ಕೆ ಗುರುತು ಹಾಕಿ. ಒಂದು ಕಿವಿಯ ಮುಂದಿನ ತಗ್ಗಿನಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯ ತಗ್ಗಿನವರೆಗೆ ಅಳೆದು ಅದಕ್ಕೂ ಅರ್ಧ. ಎರಡೂ ಗೆರೆ ಕೂಡುವ ಜಾಗವೇ ನಡುನೆತ್ತಿಯ ಸಿಝಡ್. ಅಲ್ಲಿಂದ ಕಿವಿ–ಕಿವಿ ಗೆರೆಯ ಮೇಲೆ ಒಟ್ಟು ಉದ್ದದ ಶೇ. 20ರಷ್ಟು ಎಡಕ್ಕೆ ಹೋದರೆ ಸಿ3, ಬಲಕ್ಕೆ ಹೋದರೆ ಸಿ4. ಅಳತೆ 36 ಸೆಂ.ಮೀ. ಇದ್ದರೆ 7.2 ಸೆಂ.ಮೀ. ದೂರ.

ಪ್ರತಿ ಜಾಗದಿಂದ ಸುಮಾರು 2.5 ಸೆಂ.ಮೀ. ಮುಂದೆ ಒಂದು, ಹಿಂದೆ ಒಂದು ಎಲೆಕ್ಟ್ರೋಡ್ ಇಟ್ಟು ಒಂದರಿಂದ ಇನ್ನೊಂದನ್ನು ಕಳೆಯುತ್ತೇವೆ. ಹೀಗೆ ಮಾಡಲು ಕಾರಣವಿದೆ. ಹಿಂದಲೆಯ ಆಲ್ಫಾ, ಅಂದರೆ ಕಣ್ಣು ಮುಚ್ಚಿದರೆ ಏಳುವ ಲಯ, ಕೂಡ 8–13 ಹರ್ಟ್ಸ್‌ನಲ್ಲೇ ಇರುತ್ತದೆ, ಮ್ಯೂಗಿಂತ ದೊಡ್ಡದು ಬೇರೆ, ತಲೆಯೆಲ್ಲ ಹರಡಿ ಸಿ3, ಸಿ4ರವರೆಗೂ ಬರುತ್ತದೆ. ಕಿವಿಯನ್ನು ರೆಫರೆನ್ಸ್ (ಉಳಿದವನ್ನು ಹೋಲಿಸಿ ಅಳೆಯುವ ಜಾಗ) ಮಾಡಿಕೊಂಡು ಸಿ3ರಲ್ಲಿ ನೋಡುತ್ತಿರುವ ಅಲೆ ನಿಜಕ್ಕೂ ಹಿಂದಲೆಯದಾಗಿರಬಹುದು. ಅಕ್ಕಪಕ್ಕದ್ದನ್ನು ಕಳೆದರೆ ದೂರದಿಂದ ಬಂದದ್ದು ಹೋಗಿ ಅಲ್ಲಿಯದೇ ಉಳಿಯುತ್ತದೆ. 64 ಚಾನಲ್ ಇದ್ದವರು ಸಿ3ರಿಂದ ಸುತ್ತಲಿನ ನಾಲ್ಕರ ಸರಾಸರಿ ಕಳೆಯಲಿ. ಇದಕ್ಕೆ ಲಾಪ್ಲಾಸಿಯನ್ ಅನ್ನುತ್ತಾರೆ. ನನ್ನ ಪ್ರಕಾರ "ಏನೂ ಕಾಣಲಿಲ್ಲ" ಅನ್ನುವವರಿಗೆ ಅತಿ ಹೆಚ್ಚು ಲಾಭ ಕೊಡುವ ಹೆಜ್ಜೆ ಇದೇ.

ಹಂತ 4: ರೆಕಾರ್ಡಿಂಗ್‌ಗೆ ಮೊದಲಿನ ಪರೀಕ್ಷೆ

ಪರದೆಯ ಮೇಲೆ ಅಲೆ ಓಡುತ್ತಿರುವಾಗ ಕಣ್ಣು ಮಿಟುಕಿಸಲು ಹೇಳಿ. ತಲೆಯ ಮುಂದಿನ ಚಾನಲ್‌ಗಳಲ್ಲಿ ದೊಡ್ಡ ಗುಡ್ಡ ಏಳಬೇಕು. ಹಲ್ಲು ಕಚ್ಚಲು ಹೇಳಿ, ದಟ್ಟ ಗೀಚು ಬರಬೇಕು. ಆಮೇಲೆ ಒಂದು ನಿಮಿಷ ಕಣ್ಣು ತೆರೆದು, ಒಂದು ನಿಮಿಷ ಮುಚ್ಚಿ ಕೂರಿಸಿ. ಹಿಂದಲೆಯಲ್ಲಿ 10 ಹರ್ಟ್ಸ್ ಆಸುಪಾಸಿನ ಲಯ ಕಣ್ಣು ಮುಚ್ಚಿದಾಗ ಏರಿ, ತೆರೆದಾಗ ಇಳಿಯಬೇಕು. ಕೆಲವೇ ಕೆಲವು ಜನರಲ್ಲಿ ಆಲ್ಫಾ ಸಣ್ಣದಿರುತ್ತದೆ, ಆದರೆ ಮೂರು ನಾಲ್ಕು ಜನರಲ್ಲಿ ಯಾರಲ್ಲೂ ಕಾಣದಿದ್ದರೆ ತಪ್ಪು ತಂತಿಯಲ್ಲೋ ರೆಫರೆನ್ಸ್‌ನಲ್ಲೋ ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲೋ ಇದೆ. ಅಲ್ಲೇ ನಿಲ್ಲಿ.

ಎಚ್ಚರಿಕೆಯ ಲಕ್ಷಣಗಳು ಕೆಲವು ಇವೆ. ಎರಡು ಚಾನಲ್ ಅಚ್ಚು ಒತ್ತಿದ ಹಾಗೆ ಒಂದೇ ಥರ ಓಡಿದರೆ ನಡುವೆ ಪೇಸ್ಟ್ ಹರಿದು ಸೇರಿಕೊಂಡಿದೆ. ಇಡೀ ಅಲೆ ನಿಧಾನವಾಗಿ ಮೇಲೆ ಕೆಳಗೆ ತೇಲಿದರೆ ಬೆವರು. ಫ್ಯಾನ್ ಗಾಳಿಗೆ ಕೇಬಲ್ ಅಲುಗಾಡಿದರೂ ಹೀಗೇ ಆಗುತ್ತದೆ, ಕೇಬಲ್‌ಗಳನ್ನು ಒಟ್ಟಿಗೆ ಹೆಣೆದು ಅಂಗಿಗೆ ಟೇಪ್ ಹಾಕಿ. 50 ಹರ್ಟ್ಸ್ ಗದ್ದಲ ಜಾಸ್ತಿ ಇದ್ದರೆ ಪಕ್ಕದಲ್ಲಿ ಯುಪಿಎಸ್, ಟ್ಯೂಬ್‌ಲೈಟ್, ಚಾರ್ಜರ್ ಏನಿದೆ ಅಂತ ನೋಡಿ.

ಹಂತ 5: ನಿಜವಾದ ಚಲನೆ

ಕುರ್ಚಿಗೆ ಕೈಯಾಸರೆ ಇರಲಿ, ಅಂಗೈ ಮೇಲ್ಮುಖವಾಗಿ ಸಡಿಲವಾಗಿರಲಿ. ಒಂದು ಸರದಿ ಹೀಗಿರಲಿ: 3 ಸೆಕೆಂಡ್ ಪರದೆಯ ನಡುವೆ ಕೂಡಿಸು ಗುರುತು, ಆಮೇಲೆ ಸೂಚನೆ, 4 ಸೆಕೆಂಡ್ ಮುಷ್ಟಿ ಕಟ್ಟಿ ಬಿಡುವುದು, ನಂತರ 4ರಿಂದ 6 ಸೆಕೆಂಡ್ ಬಿಡುವು. ಬಿಡುವಿನ ಅವಧಿ ಪ್ರತಿ ಸಲ ಬದಲಾಗಬೇಕು, ಇಲ್ಲದಿದ್ದರೆ ಜನ ಮುಂದಿನ ಸೂಚನೆಯನ್ನು ಊಹಿಸಿ ಮೊದಲೇ ತಯಾರಾಗುತ್ತಾರೆ. ತೀರ ಕಮ್ಮಿ ಬಿಡುವು ಕೊಟ್ಟರೆ ಹಿಂದಿನ ಸರದಿಯ ಬೀಟಾ ಮರುಏರಿಕೆ ಮುಂದಿನ ಸರದಿಯ ಹೋಲಿಕೆಯ ಅವಧಿಗೆ (ಸೂಚನೆಗೆ ಸ್ವಲ್ಪ ಮೊದಲಿನ ಹೊತ್ತು) ನುಗ್ಗುತ್ತದೆ. ಅದು ಮೋಸದ ಸಂಖ್ಯೆ ಕೊಡುತ್ತದೆ.

ಪ್ರತಿ ಕೈಗೆ 40 ಸರದಿ ಸಾಕು. ಎಡ ಬಲ ಬೆರೆಸಿ ಕೊಡಿ. ಮೊದಲು ಎಲ್ಲ ಬಲ, ಆಮೇಲೆ ಎಲ್ಲ ಎಡ ಅಂತ ಮಾಡಿದರೆ ಪೇಸ್ಟ್ ಒಣಗಿದ್ದು, ನಿದ್ದೆ ಬಂದಿದ್ದು ಎಲ್ಲವೂ ಎಡ–ಬಲದ ವ್ಯತ್ಯಾಸವಾಗಿ ಕಾಣುತ್ತದೆ. ಐದಾರು ನಿಮಿಷಕ್ಕೊಮ್ಮೆ ವಿರಾಮ, ನೀರು, ಕತ್ತು ತಿರುಗಿಸುವುದು.

ಸೂಚನೆಯಾಗಿ ಎಡಕ್ಕೋ ಬಲಕ್ಕೋ ಬಾಣ ತೋರಿಸುವುದು ರೂಢಿ. ನನಗದು ಇಷ್ಟವಿಲ್ಲ. ಕಣ್ಣು ಬಾಣದ ಕಡೆ ಜಾರುತ್ತದೆ, ಕಣ್ಣಿನ ಚಲನೆ ಇಇಜಿಯಲ್ಲಿ ಮಿದುಳಿಗಿಂತ ಎಷ್ಟೋ ದೊಡ್ಡ ಸಿಗ್ನಲ್. ಕೂಡಿಸು ಗುರುತು ಇದ್ದಲ್ಲೇ "ಎ" ಅಥವಾ "ಬ" ಅಕ್ಷರ ತೋರಿಸಿ.

ಸಮಯದ ಗುರುತು ಸರಿಯಿದೆಯಾ ಅಂತ ಮುಂಗೈ ಚಾನಲ್‌ನಲ್ಲಿ ನೋಡಿ. ಸೂಚನೆ ಬಂದು ಸ್ವಲ್ಪ ಹೊತ್ತಿಗೆ ಸ್ನಾಯು ಚುರುಕಾಗಬೇಕು. ಸೂಚನೆಗಿಂತ ಮೊದಲೇ ಚುರುಕಾದರೆ, ಅಥವಾ ಸರದಿಯಿಂದ ಸರದಿಗೆ ಒಂದು ಸೆಕೆಂಡಿನಷ್ಟು ಹಿಂದೆ ಮುಂದೆ ಆದರೆ, ಬ್ಲೂಟೂತ್ ವಿಳಂಬವೋ ಪ್ರೋಗ್ರಾಂನ ತಪ್ಪೋ ಇದೆ.

ಹಂತ 6: ಗ್ರಾಫ್ ತೆಗೆಯುವುದು

ಕ್ರಮ ಬಹಳ ಮುಖ್ಯ, ಇಲ್ಲಿ ಒಂದು ಹೆಜ್ಜೆ ಹಿಂದೆ ಮುಂದೆ ಆದರೂ ಫಲ ಮಾಯ.

1. 1ರಿಂದ 40 ಹರ್ಟ್ಸ್‌ಗೆ ಫಿಲ್ಟರ್ ಮಾಡಿ. ಸರದಿಗಳಾಗಿ ಕತ್ತರಿಸುವ ಮೊದಲೇ ಮಾಡಿ, ಇಲ್ಲದಿದ್ದರೆ ಪ್ರತಿ ತುಂಡಿನ ಅಂಚಿನಲ್ಲಿ ಸುಳ್ಳು ಅಲೆ ಹುಟ್ಟುತ್ತದೆ.

2. ಮುಂದಿನ–ಹಿಂದಿನ ಎಲೆಕ್ಟ್ರೋಡ್ ಕಳೆಯಿರಿ, ಅಥವಾ ಲಾಪ್ಲಾಸಿಯನ್.

3. ಕಣ್ಣು ಮಿಟುಕಿದ, ಹಲ್ಲು ಕಚ್ಚಿದ ಸರದಿ ತೆಗೆದುಹಾಕಿ.

4. ಆ ವ್ಯಕ್ತಿಯ ಮ್ಯೂ ಎಲ್ಲಿದೆ ಅಂತ ಹುಡುಕಿ. ಬಿಡುವಿನ ಸಮಯದ ಸ್ಪೆಕ್ಟ್ರಮ್‌ನಲ್ಲಿ (ಯಾವ ಹರ್ಟ್ಸ್‌ನಲ್ಲಿ ಎಷ್ಟು ಶಕ್ತಿ ಅಂತ ತೋರಿಸುವ ಗ್ರಾಫ್) ಸಿ3, ಸಿ4 ಮೇಲೆ 8–13ರ ನಡುವೆ ದಿಬ್ಬ ಕಾಣುತ್ತದೆ. ಒಬ್ಬರಿಗೆ 9, ಇನ್ನೊಬ್ಬರಿಗೆ 12. ಎಲ್ಲರಿಗೂ ಒಂದೇ ಪಟ್ಟಿ ಹಾಕುವ ಬದಲು ದಿಬ್ಬದ ಸುತ್ತ 2–3 ಹರ್ಟ್ಸ್ ತೆಗೆದುಕೊಳ್ಳಿ.

5. ಆ ಪಟ್ಟಿಗೆ ಫಿಲ್ಟರ್ ಮಾಡಿ, ಪ್ರತಿ ಬಿಂದುವನ್ನು ವರ್ಗ ಮಾಡಿ, ಆಮೇಲೆ ಸರದಿಗಳ ಸರಾಸರಿ ತೆಗೆಯಿರಿ.

ಈ 5ನೆಯದರಲ್ಲೇ ಹೆಚ್ಚಿನವರು ಸೋಲುತ್ತಾರೆ. ಮೊದಲು ಸರಾಸರಿ, ಆಮೇಲೆ ವರ್ಗ ಮಾಡುತ್ತಾರೆ. ಮ್ಯೂ ಅಲೆಯ ಏರಿಳಿತ ಸೂಚನೆಗೆ ಕಟ್ಟಿಬಿದ್ದಿಲ್ಲ. ಒಂದು ಸರದಿಯಲ್ಲಿ ಏರು ಇದ್ದ ಕ್ಷಣದಲ್ಲಿ ಇನ್ನೊಂದರಲ್ಲಿ ಇಳಿತ ಇರುತ್ತದೆ. ಹಾಗೇ ಸರಾಸರಿ ಮಾಡಿದರೆ ಒಂದನ್ನೊಂದು ಹೊಡೆದುಹಾಕಿ ಸೊನ್ನೆಯ ಹತ್ತಿರ ಬರುತ್ತವೆ. ವರ್ಗ ಮಾಡಿದ ಮೇಲೆ ಎಲ್ಲವೂ ಧನಾತ್ಮಕ, ಆಗ ಮಾತ್ರ ಶಕ್ತಿ ಉಳಿಯುತ್ತದೆ.

6. ಸೂಚನೆಗೆ ಮೊದಲಿನ 1.5ರಿಂದ 0.5 ಸೆಕೆಂಡ್‌ವರೆಗಿನ ಸರಾಸರಿ ಶಕ್ತಿಯನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಚಲನೆಯ ಹೊತ್ತಿನ ಶಕ್ತಿಯಿಂದ ಅದನ್ನು ಕಳೆದು, ಅದರಿಂದಲೇ ಭಾಗಿಸಿ, 100ರಿಂದ ಗುಣಿಸಿ. ಹೋಲಿಕೆ 10, ಚಲನೆಯಲ್ಲಿ 6 ಇದ್ದರೆ ಉತ್ತರ ಮೈನಸ್ ಶೇ. 40.

ಈಗ ಓದುವುದು ಹೇಗೆ? ಬಲಗೈಗೆ ಸಿ3ರಲ್ಲಿ ಇಳಿತ ಬೇಗ ಅಥವಾ ಜಾಸ್ತಿ, ಎಡಗೈಗೆ ಸಿ4ರಲ್ಲಿ. ಕೈ ನಿಂತ ಮೇಲೆ ಬೀಟಾ ಏರಿಕೆ. ಪಾದಕ್ಕೆ ನಡುನೆತ್ತಿ ನೋಡಬೇಕು. ಪಾದದ ಭಾಗ ಎರಡು ಅರ್ಧಗೋಳಗಳ ನಡುವಿನ ಸಂದಿಯೊಳಗಿದೆ, ಹಾಗಾಗಿ ಎಡ ಪಾದ, ಬಲ ಪಾದ ಬೇರೆ ಮಾಡಲು ಹೋಗಬೇಡಿ. ಪಾದ ಆಡಿಸುವಾಗ ಕೈ ಜಾಗದ ಮ್ಯೂ ಏರಿದರೆ ಗಾಬರಿಯಾಗಬೇಡಿ, ಅದು ಸಹಜ.

ಸಿ3, ಸಿ4, ಹಿಂದಲೆ ಮೂರರಲ್ಲೂ ಒಂದೇ ಪ್ರಮಾಣದ ಇಳಿತ, ಎಡಗೈಗೂ ಬಲಗೈಗೂ ಒಂದೇ ಚಿತ್ರ ಬಂದರೆ ನೀವು ಹಿಡಿದಿರುವುದು ಪರದೆಯ ಮೇಲೆ ಅಕ್ಷರ ಬಂದಾಗ ಆಗುವ ಆಲ್ಫಾ ಇಳಿತ. ಸೂಚನೆಯನ್ನು ಶಬ್ದಕ್ಕೆ ಬದಲಾಯಿಸಿ ಇನ್ನೊಮ್ಮೆ ಮಾಡಿ.

ಹಂತ 7: ಕಲ್ಪನೆ

ನಿಜ ಚಲನೆಯಲ್ಲಿ ಚಿತ್ರ ಸಿಕ್ಕ ಮೇಲಷ್ಟೇ ಇಲ್ಲಿಗೆ ಬನ್ನಿ. ಸರದಿಯ ವಿನ್ಯಾಸ ಒಂದಿಷ್ಟೂ ಬದಲಾಯಿಸಬೇಡಿ, ಕೈ ಮಾತ್ರ ಆಡಬಾರದು.

"ಕೈ ಆಡುವುದನ್ನು ಕಲ್ಪಿಸಿಕೊಳ್ಳಿ" ಅಂದರೆ ಹೆಚ್ಚಿನವರು ಮನಸ್ಸಿನಲ್ಲಿ ಕೈಯ ವಿಡಿಯೊ ನೋಡುತ್ತಾರೆ. ಅದರಿಂದ ಸಿ3, ಸಿ4ರಲ್ಲಿ ದೊಡ್ಡ ಬದಲಾವಣೆ ಬರುವುದಿಲ್ಲ. ಬೇಕಾದದ್ದು ಒಳಗಿನಿಂದ ಆಗುವ ಅನುಭವ: ಬಿಗಿ, ಒತ್ತಡ, ಬೆರಳಿಗೆ ತಾಗುವುದು. ಆದ್ದರಿಂದ ಮೊದಲು ಅರ್ಧ ಹೆಚ್ಚಿದ ನಿಂಬೆಹಣ್ಣು ಕೈಗೆ ಕೊಟ್ಟು ನಾಲ್ಕಾರು ಸಲ ನಿಜವಾಗಿ ಹಿಂಡಿಸಿ. ಕೈ ಒರೆಸಿ, ಅದೇ ಹಿಂಡುವಿಕೆಯನ್ನು ಕೈ ಸಡಿಲ ಬಿಟ್ಟು ಮನಸ್ಸಿನಲ್ಲಿ ಮಾಡಿಸಿ. "ಬೆರಳಿಗೆ ಏನು ಅನ್ನಿಸಿತು?" ಅಂತ ಕೇಳಿ. "ಹಳದಿ ಹಣ್ಣು ಕಂಡಿತು" ಅಂದರೆ ಇನ್ನೂ ನೋಡುತ್ತಿದ್ದಾರೆ. "ಅಂಗೈ ಬಿಗಿಯಾದ ಹಾಗಾಯಿತು" ಅಂದರೆ ಶುರುಮಾಡಬಹುದು.

ಈಗ ಮುಂಗೈ ಚಾನಲ್. ಕಲ್ಪಿಸುವಾಗ ಗೊತ್ತಿಲ್ಲದೆ ಸ್ನಾಯು ಸ್ವಲ್ಪ ಬಿಗಿಯಾಗುತ್ತದೆ, ಹೊರಗಿನಿಂದ ನೋಡಿದರೆ ಕೈ ಆಡಿದ್ದು ಕಾಣುವುದೂ ಇಲ್ಲ. ಹಾಗಾದ ಸರದಿಗಳನ್ನು ತೆಗೆಯದಿದ್ದರೆ ಕಲ್ಪನೆಯ ಹೆಸರಿನಲ್ಲಿ ಸಣ್ಣ ಚಲನೆಯನ್ನೇ ಅಳೆದ ಹಾಗೆ. ಮುಂಗೈ ಅಲೆಯನ್ನು ಕೂತವರಿಗೂ ತೋರಿಸಿ ಅಭ್ಯಾಸ ಮಾಡಿಸಿ, ಬೇಗ ಕಲಿಯುತ್ತಾರೆ.

ಉಸಿರು ಬಿಗಿಹಿಡಿಯುವುದು, ಹಲ್ಲು ಕಚ್ಚುವುದು, ಕಾಲ್ಬೆರಳು ಮಡಚುವುದು ಕೂಡ ಈ ಹಂತದ ರೋಗಗಳೇ. ರೆಕಾರ್ಡಿಂಗಿನ ಮೊದಲ ಕಾಲು ಭಾಗದ ಸರದಿಗಳಲ್ಲಿ ಇಳಿತ ಚೆನ್ನಾಗಿದ್ದು ಆಮೇಲೆ ಮಾಯವಾದರೆ ಸುಸ್ತಾಗಿದೆ ಅಂತ ಅರ್ಥ. ನಿಲ್ಲಿಸಿ, ಇನ್ನೊಂದು ದಿನ ಮುಂದುವರಿಸಿ.

ಎಲ್ಲ ಸರಿ ಮಾಡಿಯೂ ಕಾಣದಿರಬಹುದು. ಕಲ್ಪನೆಯಿಂದ ಕಂಪ್ಯೂಟರ್ ನಡೆಸುವ ಪ್ರಯೋಗಗಳಲ್ಲಿ ಶೇ. 15ರಿಂದ 30ರಷ್ಟು ಜನರಿಗೆ ಮೊದಲಿಗೆ ಹಿಡಿತ ಸಿಗುವುದಿಲ್ಲ ಅನ್ನುವುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಹೇಳುವ ಅಂದಾಜು. ದಯವಿಟ್ಟು ಅವರಿಗೆ "ನಿಮಗೆ ಏಕಾಗ್ರತೆ ಇಲ್ಲ" ಅನ್ನಬೇಡಿ. ಕೈಯ ಬದಲು ಪಾದ ಕೊಟ್ಟು ನೋಡಿ, ಅವರು ದಿನಾ ಮಾಡುವ ಕೆಲಸ ಕೇಳಿ ಅದನ್ನೇ ಕೊಡಿ. ವೀಣೆ ನುಡಿಸುವವರಿಗೆ ಮೀಟುವುದು, ಅಡುಗೆ ಮಾಡುವವರಿಗೆ ಚಪಾತಿ ಹಿಟ್ಟು ನಾದುವುದು. ಮ್ಯೂ ಶಕ್ತಿಯನ್ನು ಆಗಲೇ ಪರದೆಯ ಮೇಲೆ ಪಟ್ಟಿಯಾಗಿ ತೋರಿಸಿದರೆ ಕೆಲವರು ತಾವೇ ದಾರಿ ಹುಡುಕಿಕೊಳ್ಳುತ್ತಾರೆ.

ಹಂತ 8: ಮನಸ್ಸಿನ ಲೆಕ್ಕ

300ರಿಂದ 7ನ್ನು ಕಳೆಯುತ್ತಾ ಹೋಗುವುದು ಒಳ್ಳೆಯ ಕೆಲಸ. ಪ್ರತಿ ಸರದಿಗೂ ಬೇರೆ ಸಂಖ್ಯೆಯಿಂದ ಶುರುಮಾಡಿಸಿ, ಇಲ್ಲದಿದ್ದರೆ ಮೂರನೆಯ ಸಲಕ್ಕೆ ಉತ್ತರ ಬಾಯಿಪಾಠವಾಗಿರುತ್ತದೆ. ಸರದಿ 10 ಸೆಕೆಂಡ್‌ವರೆಗೆ ಇರಲಿ, ಉತ್ತರವನ್ನು ಸರದಿ ಮುಗಿದ ಮೇಲೆ ಕೇಳಿ. ನಡುವೆ ತುಟಿ, ನಾಲಿಗೆ ಆಡಬಾರದು. ನಾಲಿಗೆಯ ಚಲನೆಯೂ ಇಇಜಿಯಲ್ಲಿ ನಿಧಾನ ಅಲೆಯಾಗಿ ಬೀಳುತ್ತದೆ.

ಹುಡುಕಬೇಕಾದದ್ದು ಎರಡು. ಹಣೆಯ ಮೇಲ್ಭಾಗದ ನಡುಗೆರೆಯಲ್ಲಿ 4ರಿಂದ 7 ಹರ್ಟ್ಸ್‌ನ ಥೀಟಾ ಏರುವುದು, ತಲೆಯ ಹಿಂಭಾಗದಲ್ಲಿ ಆಲ್ಫಾ ಇಳಿಯುವುದು. ಥೀಟಾ ಎಲ್ಲರಲ್ಲೂ ಅಷ್ಟು ಸ್ಪಷ್ಟವಿರುವುದಿಲ್ಲ. ಇದಕ್ಕಾಗಿ ಒಂದು ಚಾನಲನ್ನು ನಡುಗೆರೆಯ ಎಫ್‌ಝಡ್ ಜಾಗಕ್ಕೆ ಸರಿಸಬೇಕು. ಬಿಡುವು ಕಣ್ಣು ಮುಚ್ಚಿ, ಲೆಕ್ಕ ಕಣ್ಣು ತೆರೆದು ಮಾಡಿಸಿದರೆ ಸಿಗುವುದು ಬರೀ ಕಣ್ಣಿನ ವ್ಯತ್ಯಾಸ. ಎರಡರಲ್ಲೂ ಕಣ್ಣು ಒಂದೇ ಸ್ಥಿತಿಯಲ್ಲಿರಲಿ. ಕಷ್ಟದ ಲೆಕ್ಕಕ್ಕೆ ಹುಬ್ಬು ಗಂಟಿಕ್ಕುವವರು ಬಹಳ. ಆಗ 20 ಹರ್ಟ್ಸ್‌ನಿಂದ ಮೇಲೆ ಎಲ್ಲವೂ ಏರುತ್ತದೆ. ಹಣೆ ಮತ್ತು ಕಿವಿಯ ಮೇಲಿನ ಭಾಗದಲ್ಲೇ ಆ ಏರಿಕೆ ದೊಡ್ಡದಿದ್ದರೆ ಅದು ಸ್ನಾಯು, ಮಿದುಳಿನ "ಹೈ ಬೀಟಾ" ಅಂತ ಬರೆಯಬೇಡಿ.

ಈ ಹಂತಕ್ಕೆ ಇನ್ನೊಂದು ದೊಡ್ಡ ಉಪಯೋಗವಿದೆ. ಕಲ್ಪನೆ, ಲೆಕ್ಕ, ಸುಮ್ನೆ ಕೂರುವುದು, ಮೂರನ್ನೂ ಬೆರೆಸಿ ಒಂದೇ ರೆಕಾರ್ಡಿಂಗ್‌ನಲ್ಲಿ ಕೊಡಿ. ಬಲಗೈ ಕಲ್ಪನೆಗೆ ಸಿ3ರಲ್ಲಿ ಬಂದಷ್ಟೇ ಇಳಿತ ಲೆಕ್ಕಕ್ಕೂ ಬಂದರೆ ನೀವು ಹಿಡಿದಿರುವುದು ಕೈಯನ್ನಲ್ಲ, ಶ್ರಮವನ್ನು. ಲೆಕ್ಕಕ್ಕಿಂತ ಕಲ್ಪನೆಯಲ್ಲಿ ಸಿ3 ಜಾಸ್ತಿ ಇಳಿದರೆ ಆಗ ಧೈರ್ಯವಾಗಿ ಬರೆಯಿರಿ.

ಹಂತ 9: ಕೊನೆಗೆ ಕ್ಲಾಸಿಫೈಯರ್

ಕ್ಲಾಸಿಫೈಯರ್ ಅಂದರೆ ಅಲೆ ನೋಡಿ ಯಾವ ಕೆಲಸ ಅಂತ ಹೇಳುವ ಮಾಡೆಲ್. ಎರಡು ಕೆಲಸ, ಒಟ್ಟು 80 ಸರದಿ ಇದ್ದರೆ ಏನೂ ಕಲಿಯದ ಮಾಡೆಲ್ ಕೂಡ ಅದೃಷ್ಟದಿಂದ ಶೇ. 59ರವರೆಗೆ ಸರಿ ಹೇಳಬಹುದು. 40 ಸರದಿಯಾದರೆ ಶೇ. 63ರವರೆಗೆ. ಹಾಗಾಗಿ "50ಕ್ಕಿಂತ ಮೇಲೆ ಬಂತು" ಅನ್ನುವುದು ಸಾಲದು.

ಶೇ. 98 ಬಂದರೆ ಖುಷಿಪಡುವ ಮೊದಲು ಎರಡು ಕಡೆ ನೋಡಿ. ಒಂದೇ ಸರದಿಯಿಂದ ಕತ್ತರಿಸಿದ, ಒಂದರ ಮೇಲೊಂದು ಬರುವ ತುಂಡುಗಳು ಕಲಿಕೆಗೂ ಪರೀಕ್ಷೆಗೂ ಹಂಚಿಹೋಗಿವೆಯಾ? ಹೋಗಿದ್ದರೆ ಮಾಡೆಲ್ ಪ್ರಶ್ನೆಪತ್ರಿಕೆ ನೋಡಿಯೇ ಪರೀಕ್ಷೆ ಬರೆದಿದೆ. ಎರಡನೆಯದು, ಸಿಎಸ್‌ಪಿ ಫಿಲ್ಟರ್‌ಗಳನ್ನು (ಎರಡು ಕೆಲಸಗಳ ವ್ಯತ್ಯಾಸ ಎದ್ದು ಕಾಣುವ ಹಾಗೆ ಚಾನಲ್‌ಗಳಿಗೆ ತೂಕ ಕೊಡುವ ವಿಧಾನ) ಇಡೀ ಡೇಟಾದ ಮೇಲೆ ಲೆಕ್ಕ ಹಾಕಿ ಆಮೇಲೆ ಭಾಗ ಮಾಡಿದ್ದೀರಾ? ಭಾಗ ಮೊದಲು, ಫಿಲ್ಟರ್ ಆಮೇಲೆ, ಅದೂ ಕಲಿಕೆಯ ಭಾಗದ ಮೇಲೆ ಮಾತ್ರ.

ಸಿಎಸ್‌ಪಿ ಆರಿಸಿದ ಚಿತ್ರಗಳನ್ನು ತಲೆಯ ನಕ್ಷೆಯ ಮೇಲೆ ಬಿಡಿಸಿ ನೋಡಿ. ತೂಕ ಸಿ3, ಸಿ4 ಸುತ್ತ ಇದ್ದರೆ ಸರಿ. ಹಣೆಯ ಎರಡು ತುದಿಗಳಲ್ಲಿದ್ದರೆ ಮಾಡೆಲ್ ಕಣ್ಣು ಓದುತ್ತಿದೆ, ಕಿವಿಗಳ ಮೇಲಿದ್ದರೆ ದವಡೆ. ಆಗ ಹಂತ 5ಕ್ಕೆ ವಾಪಸ್. ಒಂದು ದಿನದ ಡೇಟಾದಲ್ಲಿ ಕಲಿಸಿ ಇನ್ನೊಂದು ದಿನದ್ದರಲ್ಲಿ ಪರೀಕ್ಷಿಸಿ. ಅಂಕ ಬೀಳುವುದು ಸಾಮಾನ್ಯ, ಎಲೆಕ್ಟ್ರೋಡ್ ಒಂದು ಸೆಂಟಿಮೀಟರ್ ಆಚೀಚೆ ಹೋದರೂ ಬೀಳುತ್ತದೆ. ಅವತ್ತಿನ ಮೊದಲ ಕೆಲವು ಸರದಿಗಳನ್ನು ಮಾಡೆಲ್ ಹೊಂದಿಸಲು ಮೀಸಲಿಟ್ಟು, ಉಳಿದವುಗಳ ಅಂಕವನ್ನು ಮಾತ್ರ ವರದಿಯಲ್ಲಿ ಬರೆಯಿರಿ.